ಜೈಲಲ್ಲಿ ಫಿಲಾಸಫಿ ಯಾಕೆ ಅಂತ ಕೇಳುವವರಿಗೆ

ಮದುವೆ ಊಟದ ಪಂಕ್ತಿಯಲ್ಲಿ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ: "ಮೇಷ್ಟ್ರೇ, ರಿಟೈರ್ ಆದ ಮೇಲೆ ಜೈಲಿಗೆ ಹೋಗಿ ಪಾಠ ಮಾಡ್ತೀರಂತೆ? ಕಳ್ಳರಿಗೆ, ಕೊಲೆಗಡುಕರಿಗೆ ಫಿಲಾಸಫಿ ಹೇಳಿ ಏನು ಬಂತು? ಸುಧಾರಿಸ್ತಾರಾ?"

ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸುಧಾರಿಸುತ್ತಾರೋ ಇಲ್ಲವೋ, ಅದು ನನ್ನ ಕೆಲಸವಲ್ಲ. ಕಾಲೇಜಿನಲ್ಲಿ ಇದೇ ಪಾಠ ಮಾಡುವಾಗ ಒಬ್ಬರೂ ಹೀಗೆ ಕೇಳಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು. ನನ್ನ ಹತ್ತಿರವೇ ನೀತಿಶಾಸ್ತ್ರ ಓದಿ, ಫಸ್ಟ್ ಕ್ಲಾಸ್ ತೆಗೆದು, ಆಮೇಲೆ ತಮ್ಮನ ಪಾಲಿನ ಜಮೀನು ನುಂಗಿದವರಿದ್ದಾರೆ.

"ಕಳಬೇಡ ಕೊಲಬೇಡ ಹೇಳಿಕೊಡಿ ಸಾಕು" ಅನ್ನುವವರದ್ದು ಇನ್ನೊಂದು ಕಾಟ. ಸ್ವಾಮಿ, ಅದು ಅವರಿಗೂ ಬಾಯಿಪಾಠ. ನಿಮ್ಮ ಹಾಗೆ ಅವರೂ ಪ್ರೈಮರಿ ಸ್ಕೂಲಿನಲ್ಲಿ ಕಲಿತಿದ್ದಾರೆ.

ಅಷ್ಟಕ್ಕೂ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ ಜನ. ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನೂರಕ್ಕೆ ಸುಮಾರು 76! ಅವರು ಕಳ್ಳರು ಹೌದೋ ಅಲ್ಲವೋ ಅಂತ ಕೋರ್ಟೇ ಇನ್ನೂ ಹೇಳಿಲ್ಲ, ನೀವು ಬಾಳೆಲೆ ಮುಂದೆ ಕೂತು ಹೇಳಿಬಿಟ್ಟಿರಿ.

ನಾನಂತೂ ಯಾರ ಕೇಸೂ ಕೇಳುವುದಿಲ್ಲ. ಅವರೂ ಹೇಳಬಾರದು, ಅದೊಂದೇ ರೂಲು.

ಸಾಕ್ರಟೀಸ್ ಪಾಠದ ದಿನ ನಡೆದದ್ದು ಹೇಳುತ್ತೇನೆ. ಕ್ರಿ.ಪೂ. 399, ಅಥೆನ್ಸ್. ಊರ ದೇವರುಗಳನ್ನು ನಂಬಲಿಲ್ಲ, ಹುಡುಗರನ್ನು ಕೆಡಿಸಿದ ಅಂತ 70 ವರ್ಷದ ಮುದುಕನ ಮೇಲೆ ಕೇಸು. ತಪ್ಪಿತಸ್ಥ ಅಂತಾದ ಮೇಲೆ, ನಿನಗೆ ಯಾವ ಶಿಕ್ಷೆ ಆಗಬಹುದು ನೀನೇ ಹೇಳು ಅಂದರೆ, ಸರ್ಕಾರಿ ಖರ್ಚಿನಲ್ಲಿ ಊಟ ಹಾಕಿ ಅಂದ. ಮುಂದಿನ ಸಾಲಿನವನೊಬ್ಬ, "ಅದು ನಮಗೆ ಕೇಳದೇ ಸಿಕ್ಕಿದೆ" ಅಂದ. ಆಮೇಲೆ ಮರಣದಂಡನೆಯಾಗಿ ಅವನು ಜೈಲಿನಲ್ಲಿದ್ದಾಗ ಗೆಳೆಯ ಕ್ರಿಟೋ ಕಾವಲಿನವನ ಕೈ ಬೆಚ್ಚಗೆ ಮಾಡಿ, ಓಡಿಹೋಗೋಣ ಬಾ ಅಂತ ಕರೆಯುತ್ತಾನೆ ಅಂದೆ. ಎಲ್ಲರೂ ಬಾಗಿಲಲ್ಲಿದ್ದ ವಾರ್ಡರ್ ಕಡೆ ತಿರುಗಿದರು. "ನನ್ನನ್ಯಾಕೆ ನೋಡ್ತೀರ್ರೋ, ನಾನು ಆ ಊರಿನವನಲ್ಲ" ಅಂದರು ಆತ.

ಸಾಕ್ರಟೀಸ್ ಓಡಲಿಲ್ಲ. ಇಷ್ಟು ವರ್ಷ ಈ ಊರಿನ ಕಾನೂನು ಒಪ್ಪಿಕೊಂಡು ಬದುಕಿ, ಈಗ ನನಗೆ ಆಗಲಿಲ್ಲ ಅಂತ ಮುರಿಯಲೇ ಅನ್ನುವುದು ಅವನ ವಾದ. ಸರಿಯೋ ತಪ್ಪೋ ಹೇಳಿ ಅಂದೆ. ನಾನು ಜಗಳ ಆಗುತ್ತೆ ಅಂದುಕೊಂಡಿದ್ದೆ. ಅರಕಲಗೂಡು ಕಡೆಯ ಒಬ್ಬ ಮಾತ್ರ ಬೇರೆಯೇ ಕೇಳಿದ.

"ಸಾರ್, ಕೇಸು ಎಷ್ಟು ವರ್ಷ ನಡೀತು?"

"ವರ್ಷ ಎಲ್ಲಿ ಬಂತು? ಒಂದೇ ದಿನ."

"ಒಂದೇ ದಿನಕ್ಕೆ ತೀರ್ಪಾ? ಪುಣ್ಯವಂತ ಬಿಡಿ."

ಆಮೇಲೆ ಕ್ಲಾಸು ನನ್ನ ಕೈಲಿ ಉಳಿಯಲಿಲ್ಲ. ಬೇಗ ಬರುವ ಕೆಟ್ಟ ತೀರ್ಪು ವಾಸಿಯೋ, ಕಾಯಿಸುವ ಒಳ್ಳೆ ತೀರ್ಪು ವಾಸಿಯೋ ಅಂತ ವಾದ ಎದ್ದಿತು. ತೀರ್ಪೇ ಆಗದವನು ಯಾವ ಕಾನೂನಿಗೆ ಒಪ್ಪಿಗೆ ಕೊಟ್ಟ ಹಾಗಾಯಿತು ಅಂತ ಇನ್ನೊಬ್ಬ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪೊಲೀಸರ ಮುಂದೆ, ಲಾಯರ ಮುಂದೆ ಒಂದೊಂದು ಮಾತನ್ನೂ ತೂಗಿ ಆಡಬೇಕಾದವರು ಇವರು. ಬರೆದುಕೊಳ್ಳುವವರು ಯಾರೂ ಇಲ್ಲದ ಕಡೆ ಬಾಯಿಬಿಟ್ಟು ವಾದ ಮಾಡುವುದು ಅವರಿಗೆ ಬೇಕಾಗಿದೆ. ಉಪಯೋಗ ಅಂತ ನೀವು ಕೇಳಿದ್ದು ಇದನ್ನಾದರೆ, ಇದೇ.

ಇಷ್ಟು ದಿನದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಜಾಮೀನು ಸಿಕ್ಕಿದವನೂ ಒಳಗೇ ಯಾಕಿರುತ್ತಾನೆ? ಶ್ಯೂರಿಟಿ ಸಿಗದೆ. ಆಸ್ತಿ ಇರುವವರೊಬ್ಬರು ಪಹಣಿ ಹಿಡಿದು ಕೋರ್ಟಿಗೆ ಬಂದು ಸಹಿ ಹಾಕಬೇಕು. ಶುಂಠಿ ಹೊಲಕ್ಕೆ ಕೂಲಿಗೆ ಬಂದವನಿಗೆ ಪಹಣಿ ಇರುವ ನೆಂಟರು ಎಲ್ಲಿಂದ ಬರಬೇಕು?

ಮೊನ್ನೆ ಸಕಲೇಶಪುರದ ಭಾವನೊಬ್ಬರು ಮತ್ತೆ "ಸುಧಾರಿಸ್ತಾರಾ" ಶುರು ಮಾಡಿದರು. ಕಾಫಿ ತೋಟದವರು. ನಾನು ಶ್ಯೂರಿಟಿ ವಿಷಯ ತೆಗೆದೆ. ಆರೋಪಿ ತಪ್ಪಿಸಿಕೊಂಡರೆ ಬಾಂಡಿನ ದುಡ್ಡು ಕಟ್ಟಬೇಕಾದದ್ದು ಸಹಿ ಹಾಕಿದವರೇ, ಹಾಗಾಗಿ ಹಿಂಜರಿಯುವುದು ತಪ್ಪಲ್ಲ ಅಂತಲೂ ಹೇಳಿದೆ. ಆದರೂ ಪಹಣಿ ಅನ್ನುವ ಮಾತು ಬಂದದ್ದೇ ತಡ, ಅವರಿಗೆ ಬಸ್ಸಿಗೆ ಹೊತ್ತಾಯಿತು. ಕಾರಿನಲ್ಲಿ ಬಂದಿದ್ದರು.