ಹಳೆಯ ಸಂಗೀತವನ್ನು ಜಾಝ್‌ನವರು ಕೆಡಿಸುತ್ತಾರಾ?

ಪಾಶ್ಚಾತ್ಯ ಸಂಗೀತದ ಮಾತು ಬಂದಾಗಲೆಲ್ಲ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಇದು: ಮುನ್ನೂರು, ನಾನೂರು ವರ್ಷ ಹಿಂದಿನ ಕೃತಿಗಳನ್ನು ಜಾಝ್ ಕಲಾವಿದರು ತಮಗೆ ಬೇಕಾದ ಹಾಗೆ ನುಡಿಸಿದರೆ ಅವು ಕೆಟ್ಟುಹೋಗಲ್ವಾ? ಬರೆದದ್ದನ್ನು ಬರೆದ ಹಾಗೇ ನುಡಿಸಬೇಕಲ್ವಾ?

ಆ ಕಾಲದವರೇ ಬರೆದಷ್ಟನ್ನು ಮಾತ್ರ ನುಡಿಸುತ್ತಿರಲಿಲ್ಲ. ಇದೇ ನನ್ನ ಉತ್ತರ.

1553ರಲ್ಲಿ ಸ್ಪೇನಿನ ಸಂಗೀತಗಾರ ಡಿಯೆಗೊ ಒರ್ಟಿಜ್ ರೋಮ್‌ನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಕೆಳಗೆ ಒಂದೇ ಬೇಸ್ (ತಗ್ಗಿನ ಸ್ವರಗಳ) ಸಾಲು ಮತ್ತೆ ಮತ್ತೆ ಸುತ್ತುತ್ತಿರುವಾಗ ಮೇಲೆ ಹೊಸ ಸ್ವರಗಳನ್ನು ಹೆಣೆಯುವುದು ಹೇಗೆ ಅಂತ ವಿಯೋಲ್ ಎಂಬ ಕಮಾನಿನ ತಂತಿವಾದ್ಯ ನುಡಿಸುವವರಿಗೆ ಅದರಲ್ಲಿ ಹೇಳಿಕೊಟ್ಟಿದ್ದಾನೆ. ಬರೋಕ್ ಕಾಲದಲ್ಲಿ, ಅಂದರೆ ಸುಮಾರು 1600ರಿಂದ 1750ರವರೆಗೆ, ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ) ವಾದಕನ ಮುಂದಿನ ಹಾಳೆಯಲ್ಲಿ ಎಷ್ಟೋ ಸಲ ಎಡಗೈಯ ಬೇಸ್ ಸ್ವರ ಮಾತ್ರ ಇರುತ್ತಿತ್ತು, ಜೊತೆಗೆ ಮೇಲೆ ಯಾವ ಸ್ವರ ಸೇರಿಸಬೇಕು ಅನ್ನೋದಕ್ಕೆ ಸುಳಿವಾಗಿ 6, 7 ಅಂತ ಕೆಲವು ಅಂಕಿ. ಆ ಸ್ವರಗಳನ್ನು ಬಲಗೈ ಹೇಗೆ ನುಡಿಸಬೇಕು ಅನ್ನೋದು ಅವನಿಗೇ ಬಿಟ್ಟದ್ದು. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಹೆಸರು ನೋಡಿಕೊಂಡು ನುಡಿಸುವ ಇವತ್ತಿನ ಜಾಝ್ ಪಿಯಾನೋ ವಾದಕನ ಕೆಲಸವೂ ಹೆಚ್ಚುಕಡಿಮೆ ಇದೇ. ಫ್ರಾನ್ಸಿನಲ್ಲಂತೂ ಸಮನಾಗಿ ಬರೆದ ಸ್ವರಗಳನ್ನು ಒಂದು ಉದ್ದ, ಒಂದು ಗಿಡ್ಡ ಮಾಡಿ ನುಡಿಸುವ ರೂಢಿಯಿತ್ತು. ಜಾಝ್‌ನ ತೂಗುವ ಲಯವಾದ ಸ್ವಿಂಗ್ ಕೇಳಿದವರಿಗೆ ಅದು ಹೊಸದೆನಿಸುವುದಿಲ್ಲ.

18ನೇ ಶತಮಾನದ ಜರ್ಮನ್ ಸಂಗೀತ ರಚನಕಾರ ಬಾಖ್ ಮಾತ್ರ ಸ್ವಲ್ಪ ಬೇರೆ. ಅಲಂಕಾರಗಳನ್ನೆಲ್ಲ ತಾನೇ ಬರೆದುಬಿಡುತ್ತಾನೆ ಅಂತ ಶೈಬೆ ಎಂಬ ವಿಮರ್ಶಕ 1737ರಲ್ಲೇ ದೂರಿದ್ದ. ಹೀಗಾಗಿ ಬಾಖ್‌ನಲ್ಲಿ ಜಾಝ್‌ಗೆ ಜಾಗ ಹುಡುಕುವುದು ಕಷ್ಟ. ಫ್ರಾನ್ಸಿನ ಪಿಯಾನೋ ವಾದಕ ಝಾಕ್ ಲೂಸಿಯೆ ಬಾಖ್ ಕೃತಿಗಳನ್ನು ಜಾಝ್ ಮಾಡಿ ನುಡಿಸುವ ‘ಪ್ಲೇ ಬಾಖ್’ ಅನ್ನು 1959ರಲ್ಲಿ ಶುರುಮಾಡಿದಾಗ ಜೊತೆಗಿದ್ದದ್ದು ಪಿಯೆರ್ ಮಿಶೆಲೊ ಅವರ ಬೇಸ್ ವಾದ್ಯ, ಕ್ರಿಸ್ಟಿಯಾನ್ ಗಾರೋ ಅವರ ಡ್ರಮ್ಸ್. ಬಾಖ್‌ನ ಸಾಲು ಬಿಟ್ಟು ಲೂಸಿಯೆ ತಮ್ಮ ದಾರಿ ಹಿಡಿಯುವ ಕಡೆ ನನಗೆ ತುಂಬಾ ಇಷ್ಟ. ಬಾಖ್‌ಗೆ ಸುಮ್ನೆ ಡ್ರಮ್ಸ್ ಸೇರಿಸಿದ ರೆಕಾರ್ಡ್‌ಗಳೂ ಬೇಕಾದಷ್ಟಿವೆ. ಅವು ನನಗೆ ಸಪ್ಪೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ಒಫೀಸಿಯುಮ್’ ಎಂಬ ಆಲ್ಬಂ. ಆಸ್ಟ್ರಿಯಾದ ಸೇಂಟ್ ಗೆರೋಲ್ಡ್ ಮಠದಲ್ಲಿ 1993ರಲ್ಲಿ ರೆಕಾರ್ಡ್ ಆದದ್ದು. ಹಾಡುವವರು ಇಂಗ್ಲೆಂಡಿನ ಹಿಲಿಯರ್ಡ್ ಆನ್ಸಾಂಬಲ್ ಎಂಬ ಗಾಯನ ತಂಡದ ನಾಲ್ವರು ಗಂಡಸರು. ಸ್ಯಾಕ್ಸೊಫೋನ್ ನಾರ್ವೆಯ ಯಾನ್ ಗಾರ್ಬಾರೆಕ್ ಅವರದು. ಮೊದಲ ಹಾಡು 16ನೇ ಶತಮಾನದ ಸ್ಪೇನಿನ ಕ್ರಿಸ್ಟೊಬಾಲ್ ದೆ ಮೊರಾಲೆಸ್ ಬರೆದ ‘ಪಾರ್ಚೆ ಮಿಹಿ ದೋಮಿನೆ’. ನಾಲ್ಕೂ ದನಿಗಳು ಒಟ್ಟಿಗೆ, ನಿಧಾನವಾಗಿ, ಪದಪದಕ್ಕೂ ಹೆಜ್ಜೆ ಹಾಕುತ್ತವೆ. ಓಡಾಟ ಇಲ್ಲ, ಅಲಂಕಾರ ಇಲ್ಲ. ಅವುಗಳ ಮೇಲೆ ಸ್ಯಾಕ್ಸೊಫೋನ್ ಐದನೇ ದನಿಯಾಗಿ ಸೇರಿಕೊಳ್ಳುತ್ತದೆ. ಕೆಲವು ಕಡೆ ಹಾಡುವವರ ಸ್ವರವನ್ನೇ ಹಿಡಿದು ನಿಲ್ಲುತ್ತದೆ, ಕೆಲವು ಕಡೆ ಅಲ್ಲಿಂದ ಜಿಗಿದು ಮೇಲೆ ಹೋಗುತ್ತದೆ. ಮೊರಾಲೆಸ್ ಕಾಲದಲ್ಲಿ ಈ ವಾದ್ಯ ಹುಟ್ಟಿರಲೇ ಇಲ್ಲ, ಆದರೂ ಹೊರಗಿನದು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಅದೇ ಹಾಡು ಆಲ್ಬಂನಲ್ಲಿ ಮೂರು ಸಲ ಬರುತ್ತದೆ. ಮಧ್ಯದ್ದರಲ್ಲಿ ಸ್ಯಾಕ್ಸೊಫೋನ್ ಇಲ್ಲ. ಅನುಮಾನ ಇರುವವರು ಅದನ್ನೇ ಮೊದಲು ಕೇಳಿ, ಆಮೇಲೆ ಶುರುವಿಗೆ ಬನ್ನಿ. ಹಿಡಿಸಿದರೆ ಹಳೆಯ ಸಂಗೀತ ನುಡಿಸುವ ಕ್ರಿಸ್ಟೀನಾ ಪ್ಲುಹಾರ್ ತಂಡ 17ನೇ ಶತಮಾನದ ಇಂಗ್ಲೆಂಡಿನ ರಚನಕಾರ ಪರ್ಸೆಲ್‌ನ ಹಾಡುಗಳನ್ನು ತೆಗೆದುಕೊಂಡು ಮಾಡಿದ 2014ರ ‘ಮ್ಯೂಸಿಕ್ ಫಾರ್ ಅ ವೈಲ್’ ಇದೆ. ಅದರಲ್ಲಿ ಜಾನ್‌ಲುಯಿಜಿ ಟ್ರೊವೆಸಿ ಕ್ಲಾರಿನೆಟ್ ನುಡಿಸಿದ್ದಾರೆ. ಆಲ್ಬಂಗೆ ಹೆಸರು ಕೊಟ್ಟ ಹಾಡನ್ನು ಪರ್ಸೆಲ್ ಕಟ್ಟಿರುವುದೇ ಸುತ್ತುವ ಬೇಸ್ ಸಾಲಿನ ಮೇಲೆ, ಒರ್ಟಿಜ್ ಪಾಠ ಹೇಳಿದಂಥದ್ದೇ ನೆಲದ ಮೇಲೆ.