ಕಚ್ಚಿ ಹಿಡಿಯುತ್ತಿದ್ದ ಥ್ರಾಟಲ್

ನನ್ನ ರಿಮೋಟ್ ಕಂಟ್ರೋಲ್ ಮಾದರಿ ವಿಮಾನ ಇಳಿಯುವುದರಲ್ಲಿತ್ತು. ನೆಲದಿಂದ ಒಂದಾಳು ಎತ್ತರ, ಅಷ್ಟೇ. ವೇಗ ಚೂರು ತಗ್ಗಿಸೋಣ ಅಂತ ಎಡ ಹೆಬ್ಬೆರಳಿನಿಂದ ರಿಮೋಟಿನ ಥ್ರಾಟಲ್ ಸ್ಟಿಕ್ಕನ್ನು, ಅಂದರೆ ಮೋಟರ್ ವೇಗ ಏರಿಸಿ ಇಳಿಸುವ ಕಡ್ಡಿಯನ್ನು, ಕೂದಲೆಳೆಯಷ್ಟು ಕೆಳಗೆ ಎಳೆದೆ. ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ. ಆಗ ತಟಕ್ಕನೆ ಬಿಟ್ಟುಕೊಂಡು, ನಾನು ಕೇಳಿದ್ದಕ್ಕಿಂತ ತುಂಬ ಕೆಳಗೆ ಹೋಗಿ ನಿಂತಿತು. ಮೋಟರ್ ಸದ್ದು ಕುಸಿಯಿತು, ಹಿಂದೆಯೇ ವಿಮಾನವೂ ಕುಸಿಯಿತು. ಚಕ್ರದ ತಂತಿ ಬಾಗಿತು, ಪ್ರೊಪೆಲ್ಲರ್ ತುದಿ ಮುರಿಯಿತು.

ನಾನು ಮೊದಲು ಅನುಮಾನ ಪಟ್ಟದ್ದು ವಿಮಾನದೊಳಗೆ ಮೋಟರ್ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ಮೇಲೆ. ಆದರೆ ರಾತ್ರಿ ಆ ರಿಮೋಟ್, ಅಂದರೆ ಟ್ರಾನ್ಸ್‌ಮಿಟರ್ ಒಂದನ್ನೇ ಆನ್ ಮಾಡಿ, ಸ್ಟಿಕ್ ಕಳಿಸುವ ಸಿಗ್ನಲನ್ನು ಸಂಖ್ಯೆಯಲ್ಲಿ ತೋರಿಸುವ ಚಾನೆಲ್ ಮಾನಿಟರ್ ಪರದೆ ನೋಡುತ್ತಾ ಸ್ಟಿಕ್ಕನ್ನು ಆದಷ್ಟು ನಿಧಾನಕ್ಕೆ ಸರಿಸಿದೆ. ಸ್ಟಿಕ್ ಪೂರ್ತಿ ಕೆಳಗಿದ್ದರೆ ಸಿಗ್ನಲಿನ ಉದ್ದ ಸುಮಾರು 1000 ಮೈಕ್ರೋಸೆಕೆಂಡ್, ಪೂರ್ತಿ ಮೇಲಿದ್ದರೆ ಸುಮಾರು 2000. ನನ್ನದು 1300ರಲ್ಲಿ ನಿಂತುಬಿಡುತ್ತಿತ್ತು, ಆಮೇಲೆ ಒಂದೇ ಸಲ 1240ಕ್ಕೆ ಹಾರುತ್ತಿತ್ತು. ನಡುವಿನ ಯಾವ ಸಂಖ್ಯೆಯಲ್ಲೂ ನಿಲ್ಲಿಸಲು ಆಗುತ್ತಿರಲಿಲ್ಲ.

ಇಲ್ಲೊಂದು ವಿಷಯ ಗಮನಿಸಿದೆ. ಸ್ಟಿಕ್ ನಿಂತಾಗ ಸಂಖ್ಯೆಯೂ ಗಟ್ಟಿಯಾಗಿ ನಿಂತಿರುತ್ತಿತ್ತು. ಸ್ಟಿಕ್ ಎಲ್ಲಿದೆ ಅಂತ ಅಳೆಯುವ ಒಳಗಿನ ಪೊಟೆನ್ಷಿಯೋಮೀಟರ್ ಕೊಳೆಯಾಗಿದ್ದರೆ ಸ್ಟಿಕ್ ಮುಟ್ಟದಿದ್ದರೂ ಸಂಖ್ಯೆ ನಡುಗುತ್ತದೆ. ಹಾಗೇನೂ ಇರಲಿಲ್ಲ. ಅಂದರೆ ವಿದ್ಯುತ್ತಿನ ಕಡೆ ತಪ್ಪಿಲ್ಲ, ಸ್ಟಿಕ್ಕೇ ಎಲ್ಲೋ ಹಿಡಿಯುತ್ತಿದೆ.

ಬ್ಯಾಟರಿ ತೆಗೆದಿಟ್ಟು ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದೆ. ಎರಡು ಹೋಳುಗಳ ನಡುವೆ ವೈರುಗಳಿರುತ್ತವೆ, ಎಳೆದರೆ ಕಿತ್ತು ಬರುತ್ತವೆ. ಅದಕ್ಕೇ ಪುಸ್ತಕ ತೆರೆದ ಹಾಗೆ ಮೆಲ್ಲಗೆ ತೆರೆದು, ಒಂದು ಫೋಟೋ ತೆಗೆದುಕೊಂಡೆ.

ಬಿಟ್ಟ ಕೂಡಲೇ ನಡುವಿಗೆ ಬರಲಿ ಅಂತ ಬೇರೆ ದಿಕ್ಕುಗಳಿಗೆಲ್ಲ ಸ್ಪ್ರಿಂಗ್ ಇರುತ್ತದೆ. ಥ್ರಾಟಲ್‌ಗೆ ಇಲ್ಲ. ಅದು ಬಿಟ್ಟಲ್ಲೇ ನಿಲ್ಲಬೇಕು ಅಲ್ವಾ? ಹಾಗೆ ನಿಲ್ಲಿಸುವುದು ಒಂದು ತೆಳು ಸ್ಟೀಲ್ ಪಟ್ಟಿ. ಒಂದು ತುದಿಗೆ ಸ್ಕ್ರೂ. ಇನ್ನೊಂದು ತುದಿ ಬಾಗಿಕೊಂಡು, ಸ್ಟಿಕ್ಕಿನ ಜೊತೆ ತಿರುಗುವ ಪ್ಲಾಸ್ಟಿಕ್ ಕಮಾನಿನ ಮೇಲೆ ಒತ್ತಿ ಕೂತಿರುತ್ತದೆ.

ಸ್ಕ್ರೂ ಬಿಗಿಯಾಗಿದೆ, ಸಡಿಲಿಸಿದರೆ ಆಯ್ತು ಅಂದುಕೊಂಡು ಅರ್ಧ ಸುತ್ತು ಬಿಟ್ಟೆ. ಹಗುರವಾಯಿತು ನಿಜ. ಆದರೆ ಸ್ಟಿಕ್ಕನ್ನು ಅರ್ಧಕ್ಕಿಟ್ಟು ಟ್ರಾನ್ಸ್‌ಮಿಟರ್ ಕುಲುಕಿದರೆ ತಾನಾಗಿಯೇ ಜಾರಿತು. ಮೊದಲಿನದಕ್ಕಿಂತ ಇದು ಅಪಾಯ. ಅಷ್ಟಾದರೂ ನಿಧಾನಕ್ಕೆ ಸರಿಸಿದಾಗ ಅದೇ ಜಿಗಿತ ಇತ್ತು, ಸ್ವಲ್ಪ ಚಿಕ್ಕದಾಗಿ. ನಿಂತದ್ದನ್ನು ಹೊರಡಿಸಲು ಬೇಕಾದ ಬಲ, ಹೊರಟದ್ದನ್ನು ಸರಿಸುತ್ತಾ ಹೋಗಲು ಬೇಕಾದ್ದಕ್ಕಿಂತ ಜಾಸ್ತಿ. ತುಂಬಿದ ಬೀರು ತಳ್ಳಿದವರಿಗೆಲ್ಲ ಇದು ಗೊತ್ತು. ಆ ಎರಡರ ನಡುವಿನ ಅಂತರ ದೊಡ್ಡದಾದರೆ ಸ್ಟಿಕ್ ಜಿಗಿಯುತ್ತದೆ. ಸ್ಕ್ರೂ ಸಡಿಲಿಸಿದರೆ ಎರಡೂ ಕಡಿಮೆಯಾಗುತ್ತವೆಯೇ ಹೊರತು ಕಾರಣ ಹೋಗುವುದಿಲ್ಲ.

ಪಟ್ಟಿಯನ್ನೇ ಬಿಚ್ಚಿ ಟಾರ್ಚ್ ಹಿಡಿದೆ. ಬಾಗಿದ ತುದಿಯ ಕೆಳಗೆ ಹಳೇ ಗ್ರೀಸ್ ಒಣಗಿ ಕಂದು ಬಣ್ಣದ ಅಂಟಾಗಿತ್ತು. ಅದರಲ್ಲಿ ಮೈದಾನದ ಸಣ್ಣ ಮರಳು ಸಿಕ್ಕಿಕೊಂಡು ಮಿನುಗುತ್ತಿತ್ತು. ತುದಿಯ ಮೇಲೆ ಉಗುರು ಎಳೆದರೆ ಒಂದು ಕಡೆ ತಡೆಯುತ್ತಿತ್ತು, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ಒಂದು ವಿಮಾನ ಬೀಳಿಸಿದ್ದು ಇಷ್ಟೇ ಇಷ್ಟು ಅಂತ ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

2000 ನಂಬರಿನ ಮರಳು ಕಾಗದದ ಮೇಲೆ ತುದಿಯನ್ನು ನಾಲ್ಕೈದು ಸಲ ಉಜ್ಜಿದೆ. ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಟ್ಟಿ, ಕಮಾನು ಎರಡನ್ನೂ ಒರೆಸಿದೆ. ಮೂರನೇ ಬಡ್ ಬಿಳಿಯಾಗಿಯೇ ಹೊರಬಂತು. ಇಲ್ಲಿ ಥಿನ್ನರ್ ಬೇಡವೇ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಕೂಡ ಬೇಡ. ಅದು ಹರಿದು ಪೊಟೆನ್ಷಿಯೋಮೀಟರ್ ಒಳಗೆ ಸೇರಬಹುದು, ಹೊಸ ಧೂಳನ್ನೂ ಕರೆದುಕೊಳ್ಳುತ್ತದೆ. ಕಡ್ಡಿಯ ತುದಿಯಲ್ಲಿ ಸಿಲಿಕೋನ್ ಗ್ರೀಸ್ ತೆಗೆದುಕೊಂಡು ಕಮಾನಿಗೆ ಹೊಳಪು ಬರುವಷ್ಟು ಮಾತ್ರ ಸವರಿದೆ.

ಪಟ್ಟಿ ಕೂರಿಸಿ, ಸ್ಕ್ರೂವನ್ನು ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ ಹೋದೆ. ಕುಲುಕಿದರೆ ಜಾರಬಾರದು, ಬೆರಳು ಕೇಳಿದ ಕೂಡಲೇ ಹೊರಡಬೇಕು. ಕೆಲವರಿಗೆ ಕಟಕಟ ಅನ್ನುವ ಹಲ್ಲಿನ ಪಟ್ಟಿ ಇಷ್ಟ. ನನಗೆ ನುಣುಪಾದದ್ದೇ ಸರಿ, ಹಲ್ಲು ಹಲ್ಲಿನ ನಡುವೆ ಎಲ್ಲೋ ನನಗೆ ಬೇಕಾದ ವೇಗ ಇರುತ್ತದೆ. ಆಮೇಲೆ ಮಾನಿಟರ್ ನೋಡಿದೆ. 1300, 1297, 1293... ಸಂಖ್ಯೆಗಳು ಒಂದರ ಹಿಂದೊಂದು ಇಳಿದವು. ಸುಮ್ನೆ ಹತ್ತು ನಿಮಿಷ ಅದನ್ನೇ ಆಡಿಸಿದೆ.

ಸ್ಟಿಕ್ಕಿನ ಎರಡು ಕೊನೆಗಳು ಎಲ್ಲಿವೆ ಅಂತ ರಿಮೋಟಿಗೆ ತಿಳಿಸುವ ಕ್ಯಾಲಿಬ್ರೇಷನ್ ಮತ್ತೆ ಮಾಡಿದೆ. ಪ್ರೊಪೆಲ್ಲರ್ ಬಿಚ್ಚಿಟ್ಟು ಮೋಟರ್ ಓಡಿಸಿದೆ. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟರ್ ನಿಲ್ಲುತ್ತದಾ ಅಂತ ಫೇಲ್‌ಸೇಫ್ ಕೂಡ ನೋಡಿದೆ. ಮೈದಾನದಲ್ಲಿ ಮೊದಲು ರೇಂಜ್ ಚೆಕ್, ಅಂದರೆ ದೂರಕ್ಕೂ ಸಿಗ್ನಲ್ ಮುಟ್ಟುತ್ತದಾ ಅಂತ ನೋಡುವುದು.

ಮೊದಲ ಲ್ಯಾಂಡಿಂಗ್ ಚೆನ್ನಾಗಿ ಆಗಲಿಲ್ಲ. ಸ್ಟಿಕ್ ಸರಿಯಾಗಿತ್ತು, ಬೆರಳು ಆಗಿರಲಿಲ್ಲ. ಇಷ್ಟು ದಿನ ಆ ಹಿಡಿತ ಬಿಡಿಸಲು ಬೇಕಾದಷ್ಟು ಒತ್ತುವುದು ರೂಢಿಯಾಗಿತ್ತು. ಈಗ ಅಷ್ಟೇ ಒತ್ತಿದರೆ ಥ್ರಾಟಲ್ ಜಾಸ್ತಿ ಇಳಿಯುತ್ತಿತ್ತು. ಎತ್ತರ ಇದ್ದಾಗಲೇ ಗೊತ್ತಾಗಿ ಮತ್ತೊಂದು ಸುತ್ತು ಹೊಡೆದು ಬಂದೆ. ಮತ್ತೆ ಇನ್ನೊಂದು. ನಾಲ್ಕನೇ ಸಲಕ್ಕೆ ಹೆಬ್ಬೆರಳು ಹಗುರವಾಯಿತು. ಮೋಟರ್ ಸದ್ದು ಎಲ್ಲೂ ತುಂಡಾಗದೆ ಸಣ್ಣಗಾಗುತ್ತಾ ಬಂದು, ಚಕ್ರ ಹುಲ್ಲು ಮುಟ್ಟುವ ಹೊತ್ತಿಗೆ ನಿಂತಿತು.