ಕಲ್ಪನಾ ಚಾವ್ಲಾ ನೌಕೆಯ ಮೂಲಂಗಿ, ನಮ್ಮ ಬಾಲ್ಕನಿಯ ಮೂಲಂಗಿ

ಅಕ್ಟೋಬರ್ 2, 2020

ಗಾಂಧಿ ಜಯಂತಿ, ರಜೆ. ಆದರೂ ಆರೂವರೆಗೇ ಎದ್ದು ಕೂತೆ. ಅಮೆರಿಕದ ವರ್ಜೀನಿಯಾದ ವಾಲಪ್ಸ್‌ನಿಂದ ಆಂಟಾರಿಸ್ ರಾಕೆಟ್ ಹೊರಡಬೇಕಿದ್ದದ್ದು ನಮ್ಮ ಗಡಿಯಾರದಲ್ಲಿ 7:08ಕ್ಕೆ. ಅದರ ತುದಿಯಲ್ಲಿರುವ ಸಿಗ್ನಸ್ ಸರಕು ನೌಕೆಗೆ ಈ ಸಲ ಕಲ್ಪನಾ ಚಾವ್ಲಾ ಹೆಸರಿಟ್ಟಿದ್ದಾರೆ. ಒಳಗೆ ಸುಮಾರು 3,600 ಕಿಲೋ ಸಾಮಾನು. ಊಟ, ಪ್ರಯೋಗಗಳು, ಒಂದು ಹೊಸ ಟಾಯ್ಲೆಟ್ಟು ಕೂಡ! ಎಲ್ಲ ಹೋಗುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ. ನನ್ನ ಕಣ್ಣು ಮಾತ್ರ ಅಲ್ಲಿ ಬೆಳೆಸಲಿರುವ ಮೂಲಂಗಿ ಬೀಜದ ಮೇಲೆ.

ಎಣಿಕೆ 2 ನಿಮಿಷ 40 ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ನೆಲದ ಮೇಲಿನ ಉಪಕರಣದಲ್ಲಿ ತೊಂದರೆಯಂತೆ. ಕಾಫಿ ಆರಿಹೋಗಿತ್ತು.

ಅಕ್ಟೋಬರ್ 3

ಇವತ್ತು 6:46ಕ್ಕೇ ಹಾರಿತು. ನಿನ್ನೆಗಿಂತ 22 ನಿಮಿಷ ಮೊದಲೇ ಯಾಕೆ ಅಂತ ಮಗಳು ಕೇಳಿದಳು. ಒಳ್ಳೆ ಪ್ರಶ್ನೆ. ನಿಲ್ದಾಣ ಸುತ್ತುವ ದಾರಿ ಉಡಾವಣಾ ಕಟ್ಟೆಯ ನೇರಕ್ಕೆ ಬಂದಾಗಲೇ ರಾಕೆಟ್ ಬಿಡಬೇಕು. ಆ ದಾರಿಯೂ ದಿನಾ ಪಶ್ಚಿಮಕ್ಕೆ ಚೂರು ಚೂರೇ ಜಾರುತ್ತದೆ. ಹಾಗಾಗಿ ಕಟ್ಟೆ ಅದರ ಕೆಳಗೆ ಬರುವ ಹೊತ್ತೂ ದಿನಾ ಮುಂಚೆ ಆಗುತ್ತಾ ಹೋಗುತ್ತದೆ. ಕಿತ್ತಳೆ ಹಣ್ಣು ಮತ್ತು ರಬ್ಬರ್ ಬ್ಯಾಂಡ್ ಹಿಡಿದು ತೋರಿಸಿದೆ. ಅರ್ಥವಾಯಿತು ಅಂದಳು. ಆಮೇಲೆ ಹಣ್ಣು ತಿಂದಳು.

ಅಕ್ಟೋಬರ್ 5

ಮಧ್ಯಾಹ್ನ 3:02ಕ್ಕೆ ನಿಲ್ದಾಣದ ರೋಬೋ ತೋಳು ನೌಕೆಯನ್ನು ಹಿಡಿಯಿತು. ನಾನು ಆಫೀಸ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಅದನ್ನೇ ನೋಡುತ್ತಿದ್ದೆ.

ಅಕ್ಟೋಬರ್ 17

ನಿಲ್ದಾಣದವರ ಹಾಗೆ ಮನೆಯಲ್ಲೂ ಮೂಲಂಗಿ ಬೆಳೆಸುವ ನಮ್ಮ ಮೊದಲ ಪ್ರಯತ್ನ ಫೇಲ್. ಹಣ್ಣಿನಂಗಡಿಯ ಥರ್ಮೋಕೋಲ್ ಡಬ್ಬ, ಒಳಗೆ ಬೆಳ್ಳಿ ಬಣ್ಣದ ಹಾಳೆ, ಮೇಲೆ ಒಂದು ಎಲ್‌ಇಡಿ ಬಲ್ಬು. ಮಣ್ಣಿಲ್ಲ. ನಿಲ್ದಾಣದಲ್ಲಿ ಇದಕ್ಕೂ ಮೊದಲು ವೆಜ್ಜಿ ಅನ್ನುವ ಪುಟ್ಟ ತೋಟದಲ್ಲಿ ಸುಟ್ಟ ಜೇಡಿಮಣ್ಣಿನ ಸಣ್ಣ ಹರಳು ಬಳಸಿದ್ದರು. ಅಲ್ಲಿ ನೀರು ತಾನಾಗಿ ಕೆಳಗಿಳಿಯುವುದಿಲ್ಲ ನೋಡಿ, ಹರಳಿನ ಸಂದಿಗಳೇ ಅದನ್ನು ಎಳೆದು ಬೇರಿಗೆ ಮುಟ್ಟಿಸಬೇಕು. ನಾನು ಒಡೆದ ಹೆಂಚು ಕುಟ್ಟಿ ಜರಡಿ ಹಿಡಿದೆ. ಕುಟ್ಟಾಣಿ ಅಮ್ಮನದು. "ಅಲ್ವೋ, ಮೂಲಂಗಿ ಬೇಕಂದ್ರೆ ಮಾರ್ಕೆಟಲ್ಲಿ ಸಿಗಲ್ವಾ?" ಅಂತ ಶುರುವಾದದ್ದು ಕುಟ್ಟಾಣಿ ತಳ ನೋಡಿದ ಮೇಲೆ ಬೇರೆಯೇ ಧಾಟಿಗೆ ಹೋಯಿತು.

ಮೊಳಕೆ ಬಂತು, ಆದರೆ ದಾರದ ಹಾಗೆ ಉದ್ದುದ್ದ ಬೆಳೆದು ಮಲಗಿಬಿಟ್ಟವು. ಬಲ್ಬು ತೀರಾ ಎತ್ತರದಲ್ಲಿತ್ತು. ಈಗ ಒಂದು ಗೇಣಿಗೆ ಇಳಿಸಿದ್ದೇನೆ.

ನವೆಂಬರ್ 3

ಎರಡನೇ ಬಿತ್ತನೆ, ಒಂಬತ್ತು ಬೀಜ. ಮೇಲೆ ನಿಲ್ದಾಣದವರದ್ದು 27 ದಿನದ ಬೆಳೆ, ನನ್ನದೂ ಅಷ್ಟೇ ಲೆಕ್ಕ. ಅವರ ಗಿಡ ಬೆಳೆಸುವ ಪೆಟ್ಟಿಗೆಯಲ್ಲಿ ಕ್ಯಾಮೆರಾ, ಸೆನ್ಸರ್ ಸೇರಿ 180ಕ್ಕೂ ಜಾಸ್ತಿ ಇವೆ. ನಮ್ಮಲ್ಲಿ ಮಗಳ ಸ್ಕೇಲು ಮತ್ತು ನನ್ನ ಬೆರಳು. ನಾಸಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲೂ ಹೋಲಿಸಿ ನೋಡಲು ಅಂಥದ್ದೇ ಪೆಟ್ಟಿಗೆ ಇದೆ. ಮೂರನೆಯದು ನಮ್ಮದು ಅಂತ ಡಬ್ಬದ ಮೇಲೆ ಮಗಳು ಬರೆದಿಟ್ಟಿದ್ದಾಳೆ.

ಡಿಸೆಂಬರ್ 1

ನಿನ್ನೆ ಮೇಲೆ ಗಗನಯಾತ್ರಿ ಕೇಟ್ ರೂಬಿನ್ಸ್ 20 ಗಿಡ ಕಿತ್ತರು. ಒಂದೊಂದನ್ನೂ ಫಾಯಿಲ್‌ನಲ್ಲಿ ಸುತ್ತಿ ಶೀತಲ ಪೆಟ್ಟಿಗೆಗೆ ಹಾಕಿದ್ದಾರೆ. ಮುಂದಿನ ವರ್ಷ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯಲ್ಲಿ ಭೂಮಿಗೆ ಬರಬೇಕು. ತಂದ ಸಿಗ್ನಸ್‌ನಲ್ಲಿ ವಾಪಸ್ ಕಳಿಸುವಂತಿಲ್ಲ, ಅದು ಕಸ ತುಂಬಿಕೊಂಡು ವಾತಾವರಣದಲ್ಲಿ ಉರಿದುಹೋಗುವ ನೌಕೆ.

ನಾನೂ ನಿನ್ನೆಯೇ ಕಿತ್ತೆ. ಒಂಬತ್ತರಲ್ಲಿ ಏಳು ಉಳಿದಿದ್ದವು. ಎರಡಕ್ಕೆ ಮಾತ್ರ ನೆಲ್ಲಿಕಾಯಿಯಷ್ಟು ಗಡ್ಡೆ, ಮಿಕ್ಕವು ಪೆನ್ಸಿಲ್. ಗಿಡ ತೆಳುವು ಮಾಡಲು ಮನಸ್ಸು ಬಂದಿರಲಿಲ್ಲ, ಒತ್ತೊತ್ತಾಗಿ ಬೆಳೆದು ಎಲ್ಲ ಎಲೆಗೇ ಹೋಯಿತು. ತೂಕ ಬರೆದಿಡೋಣ ಅಂತ ತಕ್ಕಡಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಎಲೆ ಸಮೇತ ಹೆಚ್ಚಿ ಹುಳಿಗೆ ಹಾಕಿದ್ದರು. ಹಾಗಾಗಿ ತೂಕದ ಕಾಲಂ ಖಾಲಿ.

ಮೂರನೇ ಸಲಕ್ಕೆ ನಾಲ್ಕೇ ಬೀಜ, ಡಬ್ಬದ ನಾಲ್ಕು ಮೂಲೆಗೆ.